ಕೈ ಇನ್ನೂ ಹದಕ್ಕೆ ಬಂದಿಲ್ಲ

ಹೋದ ಭಾನುವಾರ ಬೆಳಿಗ್ಗೆ ಮಾಲೂರಿನ ಹೊರಗಿರುವ ಗಾಲ್ಫ್ ಮೈದಾನದಲ್ಲಿ ಕಾರಿನಿಂದ ಇಳಿದಾಗ, ಮಳೆಗೆ ನೆಂದ ಹುಲ್ಲನ್ನು ಆಗಷ್ಟೇ ಕತ್ತರಿಸಿದ್ದರು. ಆ ಹಸಿ ವಾಸನೆಯ ಬೆನ್ನಿಗೇ ಇಟ್ಟಿಗೆ ಗೂಡಿನ ಹೊಗೆಯ ವಾಸನೆಯೂ ಬಂತು. ಮಳೆಗಾಲದಲ್ಲೂ ಉರಿಯುವ ಒಂದೆರಡು ಗೂಡು ಆ ಕಡೆ ಇನ್ನೂ ಇವೆ. ಈ ಎರಡು ವಾಸನೆ ಒಟ್ಟಿಗೆ ಬಂದರೆ ಬೇರೆಯವರಿಗೆ ಏನು ನೆನಪಾಗುತ್ತದೋ ಕಾಣೆ, ನನಗೆ ಮಾತ್ರ ಸಿಟ್ಟು ಬರುತ್ತದೆ. ಎಂಟು ವರ್ಷದ ಹಳೆಯ ಸಿಟ್ಟು. ಹಾವಿನ ದ್ವೇಷ ಹನ್ನೆರಡು ವರ್ಷ ಅಂತಾರೆ. ಹಾಗೆ ನೋಡಿದರೆ ನನ್ನದಕ್ಕೆ ಇನ್ನೂ ನಾಲ್ಕು ವರ್ಷ ಆಯಸ್ಸು ಇದೆ.

ರೇಂಜಿನ ಮೂರನೇ ಚಾಪೆಯ ಮೇಲೆ ಪ್ರಭಾಕರ್ ಸಾರ್ ನಿಂತಿದ್ದರು. ನಮ್ಮ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ವಿಭಾಗದ ಮುಖ್ಯಸ್ಥರಾಗಿದ್ದವರು, ಹೋದ ವರ್ಷದ ಹಿಂದಿನ ವರ್ಷ ರಿಟೈರ್ ಆದರು. ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ರೇಂಜ್ ಎಂದರೆ ರಬ್ಬರ್ ಚಾಪೆಯ ಮೇಲೆ ಒಂದೇ ಕಡೆ ನಿಂತು, ಬುಟ್ಟಿಗಟ್ಟಲೆ ಚೆಂಡುಗಳನ್ನು ಎದುರಿನ ಬಯಲಿಗೆ ಹೊಡೆಯುವ ಅಭ್ಯಾಸದ ಜಾಗ. ದುಡ್ಡು ಕೊಟ್ಟರೆ ಅಲ್ಲಿಗೆ ಯಾರು ಬೇಕಾದರೂ ಬರಬಹುದು. ಕೋರ್ಸ್ ಎಂದರೆ ಹದಿನೆಂಟು ಹೋಲ್, ಅಂದರೆ ಚೆಂಡು ಬೀಳಿಸುವ ಗುಂಡಿಗಳು, ಇರುವ ನಿಜವಾದ ಮೈದಾನ. ಅಲ್ಲಿಗೆ ಮೆಂಬರ್ ಆಗಿದ್ದರೆ ಪ್ರವೇಶ, ಇಲ್ಲವೇ ಮೆಂಬರ್ ಕರೆದುಕೊಂಡು ಹೋಗಬೇಕು. ಪ್ರಭಾಕರ್ ಸಾರ್ ಇಷ್ಟು ವರ್ಷ ಆಡಿದ್ದು ಕಂಪನಿಯ ಮೆಂಬರ್‌ಶಿಪ್‌ನಲ್ಲಿ. ರಿಟೈರ್ ಆದ ದಿನ ಅದು ಹೋಯಿತು. ಪಾಪ, ಆಡಲು ಹತ್ತಿರವಾಗಲಿ ಎಂದು ಕೋರ್ಸಿನ ಬೇಲಿಯ ಪಕ್ಕದಲ್ಲೇ ಸೈಟು ಕೊಂಡು ಮನೆ ಕಟ್ಟಿಸಿದ್ದರು. ಈಗ ಮಹಡಿಯ ಮೇಲಿಂದ ಬೇರೆಯವರ ಆಟ ನೋಡುತ್ತಾರೆ.

ನನ್ನನ್ನು ನೋಡಿದವರೇ ಟೋಪಿ ತೆಗೆದು ಹತ್ತಿರ ಬಂದರು. "ಮೇಡಂ, ನನ್ನನ್ನೂ ಒಂದ್ಸಲ ಒಳಗೆ ಕರ್ಕೊಂಡು ಹೋಗ್ತೀರಾ? ನಿಮ್ಮ ಗೆಸ್ಟ್ ಅಂತ. ಒಂಬತ್ತು ಹೋಲ್ ಸಾಕು," ಎಂದರು. ಕಂಪನಿಯ ಪರವಾಗಿ ಯಾರನ್ನು ಒಳಗೆ ಬಿಡಬೇಕು ಎನ್ನುವುದು ಈಗ ನನ್ನ ಕೈಯಲ್ಲಿದೆ. ಅದು ಅವರಿಗೂ ಗೊತ್ತು. "ಟೀ ಕುಡ್ಕೊಂಡು ಬಂದು ಹೇಳ್ತೀನಿ ಸಾರ್," ಎಂದು ಹೇಳಿ ಹೋಗಿ ಕೂತೆ. ಟೀ ಬರುವಷ್ಟರಲ್ಲಿ ಆ ವರ್ಷದ ಮುಂಗಾರು ಇಡೀ ತಲೆಯೊಳಗೆ ಸುರಿದು ಹೋಯಿತು.

ಆ ವರ್ಷ ನಾನು ಕ್ವಾಲಿಟಿ ವಿಭಾಗದ ಮುಖ್ಯಸ್ಥೆ. ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆ ನಮ್ಮದು, ಯಜಮಾನರು ಹೊರದೇಶದವರು. ನಾನು ವಕ್ಕಲೇರಿಯಲ್ಲಿ ರಾಗಿ ಹೊಲ, ಹಿಪ್ಪುನೇರಳೆ, ಸೀಮೆಹಸುಗಳ ನಡುವೆ ಬೆಳೆದವಳು. ಕೋಲಾರದಲ್ಲಿ ಡಿಪ್ಲೊಮಾ ಓದಿ, ಮಾಲೂರಿನ ಕಾರ್ಖಾನೆಯಲ್ಲಿ ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿ ಬಂದೆ. ಯಾರ ಶಿಫಾರಸೂ ಇರಲಿಲ್ಲ. ಶ್ರೀನಿವಾಸಪುರದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿರುವ ನನ್ನ ಯಜಮಾನರು, ನಿನ್ನ ಮೂಗಿನ ತುದಿಯ ಕೋಪವೇ ನಿನಗೆ ಶಿಫಾರಸು ಎಂದು ಆಡಿಕೊಳ್ಳುತ್ತಿದ್ದರು. ಅದೂ ನಿಜವೇ.

ಪ್ರತಿ ಜನವರಿಯಲ್ಲಿ ಹೊರದೇಶದಿಂದ ದೊಡ್ಡ ಯಜಮಾನರು ಬಂದು ಒಂದು ವಾರ ಇರುತ್ತಿದ್ದರು. ಅದರಲ್ಲಿ ಒಂದು ದಿನ ನಮ್ಮವರ ಜೊತೆ ಗಾಲ್ಫ್ ಆಡುತ್ತಿದ್ದರು. ಹೆಸರಿಗೆ ಆಟ, ಅಷ್ಟೇ. ಅರ್ಧ ದಿನ ಅವರ ಪಕ್ಕದಲ್ಲಿ ಮಾತಾಡುತ್ತಾ ನಡೆಯುವವರಿಗೆ ಮುಂದೆ ಒಳ್ಳೆಯ ಕುರ್ಚಿ ಸಿಗುತ್ತದೆ ಎನ್ನುವುದು ಕ್ಯಾಂಟೀನಿನ ಪಾತ್ರೆಗಳಿಗೂ ಗೊತ್ತಿತ್ತು. ನಮ್ಮ ಪ್ಲಾಂಟ್ ಹೆಡ್ ಮರುವರ್ಷ ನಿವೃತ್ತರಾಗುವವರಿದ್ದರು. ಅವರ ಕುರ್ಚಿಗೆ ಇದ್ದವರು ಇಬ್ಬರೇ, ಪ್ರಭಾಕರ್ ಸಾರ್ ಮತ್ತು ನಾನು. ಅವರು ಹತ್ತು ವರ್ಷದಿಂದ ದೊಡ್ಡ ಯಜಮಾನರ ಪಕ್ಕದಲ್ಲಿ ನಡೆದವರು. ನಾನು ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿದೇ ಇರಲಿಲ್ಲ.

ಮುಂಗಾರು ಶುರುವಾದಾಗ ಪ್ಲಾಂಟ್ ಹೆಡ್ ಒಂದು ದಿನ ಮೀಟಿಂಗಿನಲ್ಲಿ, ಆಟ ಕಲಿಯುವ ಆಸೆ ಇರುವವರಿಗೆ ಖರ್ಚು ಕಂಪನಿಯದು ಎಂದರು. ಅಕೌಂಟ್ಸಿನವರೊಬ್ಬರು, ಮೇಂಟೆನೆನ್ಸಿನವರೊಬ್ಬರು, ಆಮೇಲೆ ನಾನು ಹೆಸರು ಕೊಟ್ಟೆವು. ಕಲಿಸುವ ಹೊಣೆ ಬಿದ್ದದ್ದು ಪ್ರಭಾಕರ್ ಸಾರ್ ಮೇಲೆ. ಕಂಪನಿಯ ಗಾಲ್ಫ್ ಗುಂಪಿಗೆ ಅವರೇ ಕ್ಯಾಪ್ಟನ್. ಮೊದಲ ದಿನವೇ ಅವರು ಒಂದು ಕಟ್ಟಳೆ ಹೇಳಿದರು: ಕೈ ಹದಕ್ಕೆ ಬರುವವರೆಗೂ ರೇಂಜ್ ಮಾತ್ರ, ಕೋರ್ಸಿಗೆ ಕಾಲಿಡುವ ಹಾಗಿಲ್ಲ, ಇದು ಕ್ಲಬ್ಬಿನ ರೂಲು, ಹದ ಬಂದಿದೆಯೋ ಇಲ್ಲವೋ ಹೇಳಬೇಕಾದವನು ಕ್ಯಾಪ್ಟನ್. ಮೂರು ವಾರ ಕಳೆಯುವುದರೊಳಗೆ ಆ ಇಬ್ಬರು ಗಂಡಸರ ಕೈ ಹದಕ್ಕೆ ಬಂತು. ಅವರಲ್ಲಿ ಒಬ್ಬರಿಗೆ ಚೆಂಡು ಮುಟ್ಟಿಸಲೂ ಬರುತ್ತಿರಲಿಲ್ಲ, ಗಾಳಿಗೆ ಬೀಸುತ್ತಿದ್ದರು. ಆದರೂ ಕೋರ್ಸಿಗೆ ಹೋದರು. ನಾನು ಚಾಪೆಯ ಮೇಲೆ ಉಳಿದೆ.

ನಾನೇಕೆ ಆಗಲೇ ಜಗಳಕ್ಕೆ ಇಳಿಯಲಿಲ್ಲ ಎಂದು ಕೇಳಬಹುದು. ಜಗಳ ನನಗೆ ಹೊಸದಲ್ಲ. ಆದರೆ ಆ ಮನುಷ್ಯ ಹದ ಎನ್ನುವ ಮಾತನ್ನು ಹಿಡಿದುಕೊಂಡಿದ್ದರು. ನಾನು ರಾಗಿ ಮುದ್ದೆಯ ಮನೆಯವಳು. ನಮ್ಮಲ್ಲಿ ಹದ ಬಾರದ ಕೈ ನೆಂಟರ ತಟ್ಟೆಗೆ ಮುದ್ದೆ ಇಡುವಂತಿಲ್ಲ. ಕಲಿಯುವಾಗ ತಗ್ಗಿ ನಡೆಯಬೇಕು, ದೊಡ್ಡವರು ಸಾಕು ಎನ್ನುವವರೆಗೂ ಬಗ್ಗಿ ಮಾಡಬೇಕು ಎಂದು ನಂಬಿಕೊಂಡು ಬೆಳೆದಿದ್ದೆ. ತಪ್ಪು ನನ್ನ ಕೈಯದೇ ಇರಬೇಕು ಎಂದುಕೊಂಡೆ.

ಹೊಡೆದೆ. ಮಳೆಯಿದ್ದರೆ ತಗಡಿನ ಸೂರಿನ ಕೆಳಗೆ, ಬಿಸಿಲಿದ್ದರೆ ಬಿಸಿಲಿನಲ್ಲಿ. ಪ್ರತಿ ಭಾನುವಾರವೂ ಹೋದೆ, ವಾರದ ನಡುವೆ ಬೇಗ ಶಿಫ್ಟ್ ಮುಗಿದ ಸಂಜೆಗಳಲ್ಲೂ ಹೋದೆ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದು ಗಟ್ಟಿಯಾಯಿತು. ಪ್ರಭಾಕರ್ ಸಾರ್ ಕೋರ್ಸಿಗೆ ಹೋಗುವ ದಾರಿಯಲ್ಲಿ ನನ್ನ ಚಾಪೆಯ ಹಿಂದೆ ಒಂದು ಗಳಿಗೆ ನಿಲ್ಲುತ್ತಿದ್ದರು. ನಾನು ಹೊಡೆದು ತಿರುಗಿ ನೋಡಿದರೆ, ತಲೆ ಅಲ್ಲಾಡಿಸಿ, "ಚೆನ್ನಾಗಿ ಹೊಡೀತೀರಿ ಮೇಡಂ. ಆದ್ರೆ ಕೈ ಇನ್ನೂ ಹದಕ್ಕೆ ಬಂದಿಲ್ಲ. ಮುಂದಿನ ವಾರ ನೋಡೋಣ," ಎನ್ನುತ್ತಿದ್ದರು. ಪ್ರತಿ ವಾರ ಅದೇ ಮಾತು, ಅದೇ ನಗು. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ ಎಂದು ಆಗ ಹೊಳೆಯಲಿಲ್ಲ. ಮುಂದಿನ ವಾರ ಅಂದರಲ್ಲ ಎಂದು ಖುಷಿಯಲ್ಲಿ ಇನ್ನೊಂದು ಬುಟ್ಟಿ ಚೆಂಡು ತರಿಸುತ್ತಿದ್ದೆ.

ಅಷ್ಟು ಸಾಲದೆಂದು ವಕ್ಕಲೇರಿಯಲ್ಲೂ ಶುರು ಮಾಡಿದೆ. ನಮ್ಮ ಮನೆಯ ಹಿಂದೆ ಹಳೆಯ ಕಣ ಇದೆ. ಈಗ ರಾಗಿಯನ್ನು ಕಣದಲ್ಲಿ ಯಾರು ಒಕ್ಕುತ್ತಾರೆ? ಮಿಷನ್ನಿಗೆ ಹಾಕುತ್ತಾರೆ, ಇಲ್ಲವೇ ತೆನೆಯನ್ನು ಟಾರು ರಸ್ತೆಗೆ ಹರಡಿ ಲಾರಿ, ಬಸ್ಸುಗಳ ಕೈಲಿ ತುಳಿಸುತ್ತಾರೆ. ಕಣ ಸುಮ್ಮನೆ ಬಿದ್ದಿತ್ತು. ನಾನು ಕಳೆ ಕೀಳಿಸಿ, ಗುಂಡುಕಲ್ಲು ಉರುಳಿಸಿ, ಸಗಣಿ ಸಾರಿಸಿ ನುಣ್ಣಗೆ ಮಾಡಿದೆ. ಒಂದು ಹಳೆಯ ತುಪ್ಪದ ಡಬ್ಬವನ್ನು ನೆಲಕ್ಕೆ ಇಳಿಸಿ ಹೂತೆ. ಚೆಂಡನ್ನು ಕೊನೆಗೆ ಮೆಲ್ಲಗೆ ಉರುಳಿಸಿ ಗುಂಡಿಗೆ ಬೀಳಿಸುವುದಕ್ಕೆ ಪಟ್ ಅನ್ನುತ್ತಾರೆ, ಅದರ ಅಭ್ಯಾಸ ಇಲ್ಲಿ. ಮಳೆ ಬಂದು ಸಾರಣೆ ಕೊಚ್ಚಿಹೋದರೆ ಮತ್ತೆ ಸಾರಿಸುತ್ತಿದ್ದೆ. ಲಕ್ಷ್ಮಿ ಕೂರುವ ಜಾಗದಲ್ಲಿ ಕೋಲಾಟವೇನೇ ಎಂದು ಅಮ್ಮ ಮೊದಲು ಗೊಣಗಿದಳು. ಆಮೇಲೆ ಒಂದೇ ಷರತ್ತು ಹಾಕಿದಳು, ಕಣಕ್ಕೆ ಚಪ್ಪಲಿ ಹಾಕಿಕೊಂಡು ಇಳಿಯಕೂಡದು. ಹಾಗಾಗಿ ನಾನು ಪಟ್ ಮಾಡಲು ಕಲಿತದ್ದು ಬರಿಗಾಲಿನಲ್ಲಿ, ನೀರು ಚೆಲ್ಲಿದರೂ ಯಾವ ಕಡೆಗೂ ಹರಿಯದಷ್ಟು ಮಟ್ಟವಾದ ನೆಲದ ಮೇಲೆ. ಕಣ್ಣು ಮುಚ್ಚಿ ಹೊಡೆದರೂ ಚೆಂಡು ಡಬ್ಬಕ್ಕೆ ಬೀಳುತ್ತಿತ್ತು. ಹಸು ಕರೆಯಲು ಹೋಗುವ ನನ್ನ ತಮ್ಮ ನಿಂತು ನೋಡಿ ಭಲೇ ಎನ್ನುತ್ತಿದ್ದ. ನಾನೂ ನನ್ನನ್ನು ಭಲೇ ಎಂದುಕೊಳ್ಳುತ್ತಿದ್ದೆ. ದಡ್ಡಿ.

ದೀಪಾವಳಿಗೆ ಕ್ಯಾಂಟೀನಿನಲ್ಲಿ ಎಲ್ಲರಿಗೂ ಹಬ್ಬದ ಊಟ. ಒಬ್ಬಟ್ಟು ಬಡಿಸುತ್ತಿದ್ದಾಗ ಪ್ಲಾಂಟ್ ಹೆಡ್ ನನ್ನ ಕಡೆ ತಿರುಗಿ, ಜನವರಿ ಆಟಕ್ಕೆ ಈ ಸಲ ನೀವೂ ಇದ್ದೀರಿ ತಾನೇ ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಉತ್ತರ ಎದುರಿನ ಸಾಲಿನಿಂದ ಬಂತು.

"ಮೇಡಂ ಕೈ ಇನ್ನೂ ಹದಕ್ಕೆ ಬಂದಿಲ್ಲ ಸಾರ್. ರೇಂಜಲ್ಲೇ ಖುಷಿಯಾಗಿದಾರೆ. ಅಷ್ಟು ದೂರ ನಡೆಯೋದು ಹೆಂಗಸರಿಗೆ ಕಷ್ಟ, ಬಿಡಿ."

ಇಡೀ ಸಾಲು ನಕ್ಕಿತು. ಗಾಳಿಗೆ ಬೀಸುತ್ತಿದ್ದ ಆ ಮೇಂಟೆನೆನ್ಸಿನವರೂ ನಕ್ಕರು. ನಾನು ಹುಟ್ಟಿದಾಗಿನಿಂದ ನಡೆದವಳು. ಹೊಲಕ್ಕೆ ಬುತ್ತಿ ಹೊತ್ತು ನಡೆದವಳು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ನಡೆದವಳು, ಬಸ್ಸು ತಪ್ಪಿದರೆ ಕೋಲಾರದ ದಾರಿಯಲ್ಲಿ ನಡೆದವಳು. ಆ ಮಾತು ಎದೆಗೆ ನಾಟಿತು. ಎಲೆಯ ಮೇಲಿನ ಒಬ್ಬಟ್ಟನ್ನು ಹಾಗೇ ಬಿಟ್ಟು ಎದ್ದು ಕೈ ತೊಳೆದೆ. ಆಗಲೂ ನನಗೆ ಪೂರ್ತಿ ವಿಷಯ ಗೊತ್ತಿರಲಿಲ್ಲ, ಗೊತ್ತಿದ್ದರೆ ಸಾಂಬಾರಿನ ಬಕೀಟು ಅವರ ತಲೆಯ ಮೇಲೆ ಇರುತ್ತಿತ್ತು.

ಗೊತ್ತಾದದ್ದು ಅದೇ ವಾರ, ಶಬಾನಾ ಡಾಕ್ಟರಿಂದ. ಮುಳಬಾಗಿಲಿನಲ್ಲಿ ಅವರದೇ ನರ್ಸಿಂಗ್ ಹೋಮ್ ಇದೆ, ಹೆರಿಗೆ ಡಾಕ್ಟರು. ನನಗಿಂತ ಹತ್ತು ವರ್ಷ ದೊಡ್ಡವರು, ಆ ಕ್ಲಬ್ಬಿನ ಹಳೆಯ ಮೆಂಬರ್. ಆ ಭಾನುವಾರ ಪಕ್ಕದ ಚಾಪೆಯಲ್ಲಿ ನಾಲ್ಕು ಚೆಂಡು ಹೊಡೆದು ಕೋರ್ಸಿಗೆ ಹೊರಟವರು ನನ್ನನ್ನು ನೋಡಿ ನಿಂತರು. ಜೂನಿನಿಂದ ನೋಡ್ತಿದೀನಿ, ಬುಟ್ಟಿ ಮೇಲೆ ಬುಟ್ಟಿ ಖಾಲಿ ಮಾಡ್ತೀರಿ, ಒಂದು ದಿನಾನೂ ಒಳಗೆ ಕಾಣಲಿಲ್ಲವಲ್ಲ ಎಂದರು. ನಾನು ಕ್ಲಬ್ಬಿನ ರೂಲು ಹೇಳಿದೆ. ಅವರು ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು.

"ಅಂಥ ರೂಲೇ ಇಲ್ಲಮ್ಮಾ. ಮೆಂಬರ್ ಜೊತೆಗಿದ್ರೆ ಯಾರು ಬೇಕಾದ್ರೂ ಆಡಬಹುದು. ನೀನು ಮೊದಲನೇ ತಿಂಗಳೇ ಒಳಗೆ ಬರಬೇಕಿತ್ತು. ನಿನ್ನನ್ನ ಯಾರೋ ಬೇಕು ಅಂತಲೇ ಇಲ್ಲಿ ಕಟ್ಟಿ ಹಾಕಿದಾರೆ."

ಇಡೀ ಮುಂಗಾರು. ಒಂದೊಂದು ಭಾನುವಾರವೂ ನೆನಪಾಯಿತು, ಹಿಂದೆ ನಿಂತ ಆ ನಗುವೂ ನೆನಪಾಯಿತು. ಅಲ್ಲೇ, ಅವರ ಎದುರಿಗೇ, ಈ ಮನುಷ್ಯನಿಗೆ ನಾನು ಬುದ್ಧಿ ಕಲಿಸದಿದ್ದರೆ ವಕ್ಕಲೇರಿಯವಳೇ ಅಲ್ಲ ಎಂದೆ. ಡಾಕ್ಟರು ನಕ್ಕು, ಮೊದಲು ನೀನು ಆಟ ಕಲಿ, ಬುದ್ಧಿ ಆಮೇಲೆ ಕಲಿಸುವೆಯಂತೆ ಎಂದು ಆಗಲೇ ನನ್ನನ್ನು ಒಳಗೆ ಕರೆದುಕೊಂಡು ಹೋದರು.

ಒಳಗೆ ನನ್ನದು ನಾಯಿಪಾಡು. ಚಾಪೆಯ ಮೇಲೆ ನೇರ ಹೋಗುತ್ತಿದ್ದ ಚೆಂಡು ಇಲ್ಲಿ ಒಂದು ಸಲ ಪೊದೆಗೆ, ಒಂದು ಸಲ ನೀರಿಗೆ. ಚಾಪೆ ಮಟ್ಟ. ಇಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಚೆಂಡು ಒಮ್ಮೆ ಉದ್ದ ಹುಲ್ಲಿನಲ್ಲಿ, ಒಮ್ಮೆ ಕೆಸರಿನಲ್ಲಿ. ರೇಂಜಿನಲ್ಲಿ ಒಂದು ಹೊಡೆತ ಕೆಟ್ಟರೆ ಕ್ಷಣದಲ್ಲಿ ಇನ್ನೊಂದು ಚೆಂಡು ಇಡಬಹುದು. ಇಲ್ಲಿ ಕೆಟ್ಟ ಹೊಡೆತವನ್ನು ತಲೆಯಲ್ಲಿ ಹೊತ್ತುಕೊಂಡು ಅದರ ಹಿಂದೆಯೇ ನಡೆದುಹೋಗಬೇಕು. ನನ್ನ ಹೆಮ್ಮೆಯ ಪಟ್ ಅಂತೂ ದೇವರಿಗೇ ಪ್ರೀತಿ. ನೇರ ಬಿಟ್ಟ ಚೆಂಡು ಗುಂಡಿಯ ಹತ್ತಿರ ಹೋಗಿ ಮೆಲ್ಲಗೆ ಪಕ್ಕಕ್ಕೆ ಸರಿದು ಇಳಿಜಾರಿನಲ್ಲಿ ಓಡಿಹೋಗುತ್ತಿತ್ತು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನಾನೂ ಅದನ್ನೇ ಅಂದೆ. ಇಲ್ಲಿ ನೆಲ ನಿಜವಾಗಿಯೂ ಡೊಂಕು ಕಣಮ್ಮಾ, ಡೊಂಕಿನಲ್ಲಿ ಕುಣಿಯೋದೇ ಆಟ ಎಂದರು ಡಾಕ್ಟರು.

ಅಂದು ಅಲ್ಲಿಂದ ನೇರ ವಕ್ಕಲೇರಿಗೆ ಹೋಗಿ ಅಮ್ಮನ ಮುಂದೆ ಎಲ್ಲ ಹೇಳಿಕೊಂಡೆ, ರೂಲಿನ ಸುಳ್ಳು, ದೀಪಾವಳಿಯ ನಗು, ಹದದ ಮಾತು. ಅಮ್ಮ ಮೊದಲು ತೆಲುಗಿನಲ್ಲಿ "ಇಂಟ್ಲೋ ಪುಲಿ, ಬಯಟ ಪಿಲ್ಲಿ" ಅಂದಳು. ಮನೆಯೊಳಗೆ ಹುಲಿ, ಹೊರಗೆ ಬೆಕ್ಕು. ನನ್ನ ಕಣದ ಆಟಕ್ಕೆ ಆ ಗಾದೆ ಸರಿಯಾಗೇ ಇತ್ತು. ಆಮೇಲೆ ಹದದ ವಿಷಯಕ್ಕೆ ಬಂದಳು.

"ಅಲ್ಲ ಕಣೇ, ಹಿಟ್ಟಿಗೆ ಕೈ ಹಾಕದೆ ಹದ ಎಲ್ಲಿಂದ ಬರುತ್ತೆ? ನೀನು ಲಂಗ ಉಡೋ ವಯಸ್ಸಲ್ಲೇ ನಿನ್ನ ಕೈಲಿ ಮುದ್ದೆ ಕಟ್ಟಿಸ್ದೆ. ಗಂಟು ಗಂಟಾಗಿರೋದನ್ನ ನಾವೆಲ್ಲ ನುಂಗ್ಲಿಲ್ವಾ? ಹೊರಗೆ ನಿಲ್ಸಿ ಹದ ಬಂದಿಲ್ಲ ಅನ್ನೋನು ಕಲಿಸೋನಲ್ಲ, ತಟ್ಟೆ ಕಿತ್ಕೊಳ್ಳೋನು."

ಆ ಮಾತಿನ ಮೇಲೆ ನನಗೆ ಬೇರೆ ಪಾಠ ಬೇಕಾಗಲಿಲ್ಲ. ಶಬಾನಾ ಡಾಕ್ಟರೂ ಅದನ್ನೇ ಬೇರೆ ಥರ ಹೇಳಿದರು. ಪುಸ್ತಕ ಎಷ್ಟೇ ಓದಿದ್ದರೂ ಮೊದಲ ಹೆರಿಗೆ ಕೈಗೆ ಬಂದ ದಿನವೇ ತಾನು ಡಾಕ್ಟರಾದದ್ದು ಅಂದರು. ಹಾಗಂತ ಓದು ಬೇಡವೆಂದಲ್ಲ, ಕೈ ಎಡವಿದ ಕಡೆ ಮತ್ತೆ ಪುಸ್ತಕ ತೆಗೆಯಬೇಕು ಅಂದರು. ಅವರ ಲೆಕ್ಕ ಸುಲಭವಾಗಿತ್ತು. ವಾರಕ್ಕೆ ಎರಡು ಸಲ ಕೋರ್ಸಿನಲ್ಲಿ ಆಟ, ಒಂದು ಸಲ ರೇಂಜು. ಆಟದಲ್ಲಿ ಯಾವ ಹೊಡೆತ ಕೆಟ್ಟಿತೋ ಅದನ್ನು ಮಾತ್ರ ರೇಂಜಿನಲ್ಲಿ ರಿಪೇರಿ ಮಾಡಬೇಕು, ಚೆನ್ನಾಗಿ ಬರುವುದನ್ನೇ ಹೊಡೆದು ಹೊಡೆದು ಖುಷಿಪಡಬಾರದು. ನನಗೆ ಇದು ಕೂಡಲೇ ತಲೆಗೆ ಹೋಯಿತು. ಕಾರ್ಖಾನೆಯಲ್ಲಿ ನನ್ನ ಕೆಲಸವೂ ಅದೇ ತಾನೆ, ರೋಡಿನಲ್ಲಿ ಮುರಿದು ವಾಪಸ್ಸು ಬಂದ ಸಾಮಾನು ನೋಡಿಯೇ ಮಿಷನ್ನಿನ ತಪ್ಪು ಹುಡುಕುವುದು.

ವಾರದ ನಡುವೆ ಎರಡು ದಿನ, ಬೆಳಕು ಹರಿಯುತ್ತಿದ್ದ ಹಾಗೆ, ಡಾಕ್ಟರ ಜೊತೆ ಒಂಬತ್ತು ಹೋಲ್ ಆಡಿ ಆಮೇಲೆ ಡ್ಯೂಟಿಗೆ ಹೋಗುತ್ತಿದ್ದೆ. ಇಳಿಜಾರು ನನ್ನ ಕಣ್ಣಿಗೆ ಹತ್ತುತ್ತಲೇ ಇರಲಿಲ್ಲ. ಒಂದು ದಿನ ಡಾಕ್ಟರು, ನಿನ್ನ ಕಣ್ಣಿಗಿಂತ ನಿನ್ನ ಪಾದ ಬುದ್ಧಿವಂತ, ಬೂಟು ಬಿಚ್ಚಿ ನಡೆದು ನೋಡು ಎಂದರು. ಬಿಚ್ಚಿ ನಡೆದೆ. ಕಣದಲ್ಲಿ ಪಳಗಿದ ಪಾದಕ್ಕೆ ನೆಲ ಎಲ್ಲಿ ವಾಲಿದೆ ಎಂದು ತಟ್ಟನೆ ಗೊತ್ತಾಯಿತು. ಅಲ್ಲಿಂದ ಪಟ್ ಕೂಡ ದಾರಿಗೆ ಬಂತು.

ಭಾನುವಾರ ಮಾತ್ರ ನಾನು ತಪ್ಪದೆ ರೇಂಜಿಗೆ ಹೋಗುತ್ತಿದ್ದೆ, ಅದೇ ಚಾಪೆಗೆ. ಪ್ರಭಾಕರ್ ಸಾರ್ ಹಿಂದೆ ಬಂದು ನಿಂತದ್ದು ತಿಳಿದ ಕೂಡಲೇ ಚೆಂಡನ್ನು ಬೇಕೆಂದೇ ಬಲಕ್ಕೆ ತಿರುಚಿ ಹೊಡೆಯುತ್ತಿದ್ದೆ. "ಕೈ ಇನ್ನೂ..." ಎಂದು ಅವರು ಶುರು ಮಾಡಿದರೆ, "ಹದಕ್ಕೆ ಬಂದಿಲ್ಲ ಸಾರ್," ಎಂದು ನಾನೇ ಮುಗಿಸುತ್ತಿದ್ದೆ. ಎಷ್ಟು ಸಂತೋಷಪಡುತ್ತಿದ್ದರು! ಅವರ ಕಣ್ಣಿಗೆ ಮಣ್ಣೆರಚುವುದರಲ್ಲಿ ನನಗೆ ಸಿಕ್ಕ ಸುಖ ಯಾವ ಹಬ್ಬದಲ್ಲೂ ಸಿಕ್ಕಿಲ್ಲ.

ಅವರ ಆಟದ ಬಗ್ಗೆಯೂ ಒಂದು ಗುಟ್ಟು ತಿಳಿಯಿತು. ಅವರು ರೇಂಜಿನ ಚಾಪೆ ಹತ್ತಿ ವರ್ಷಗಳಾಗಿದ್ದವು. ಆಟ ಬಂದವನಿಗೆ ಅಭ್ಯಾಸ ಯಾಕೆ ಎನ್ನುವುದು ಅವರ ವೇದಾಂತ. ನನಗೆ ಬರೀ ಅಭ್ಯಾಸ ಕಟ್ಟಿದರು, ತಾವು ಬರೀ ಆಟ ಕಟ್ಟಿಕೊಂಡರು. ಒಂದು ಬೆಳಿಗ್ಗೆ ಪಕ್ಕದ ಹೋಲಿನ ಮರಗಳ ಹಿಂದಿನಿಂದ ನೋಡಿದೆ. ಅವರ ಚೆಂಡು ಮರಳಿನ ಹೊಂಡಕ್ಕೆ ಬಿದ್ದಿತ್ತು. ಆ ಹೊಂಡಕ್ಕೆ ಬಂಕರ್ ಎನ್ನುತ್ತಾರೆ, ಅಲ್ಲಿಂದ ಕೋಲಿನಲ್ಲೇ ಹೊಡೆದು ಚೆಂಡನ್ನು ಹೊರಗೆ ತರಬೇಕು. ಅವರು ಅತ್ತಿತ್ತ ನೋಡಿದರು. ಚೆಂಡನ್ನು ಕೈಯಲ್ಲಿ ಎತ್ತಿ ಹುಲ್ಲಿನ ಮೇಲೆ ಎಸೆದರು. ಜೊತೆಗಿದ್ದ ಮೇಂಟೆನೆನ್ಸಿನವರು ಆಕಾಶ ನೋಡುತ್ತಾ ನಿಂತಿದ್ದರು. ನಾನು ಯಾರಿಗೂ ಹೇಳಲಿಲ್ಲ. ಅವರಿಗೆ ಮರಳು ಆಗುವುದಿಲ್ಲ ಎನ್ನುವುದನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಂಡು ಮನೆಗೆ ಹೋದೆ.

ಜನವರಿ ಬಂತು. ಆಟದ ಹಿಂದಿನ ದಿನ ಪ್ಲಾಂಟ್ ಹೆಡ್ ಕೋಣೆಗೆ ಹೋಗಿ, ನಾನೂ ಆಡುತ್ತೇನೆ ಸಾರ್, ಎರಡು ತಿಂಗಳಿಂದ ಕೋರ್ಸಿನಲ್ಲೇ ಆಡಿದ್ದೇನೆ, ಬೇಕಾದರೆ ಡಾಕ್ಟರನ್ನು ಕೇಳಿ ಎಂದೆ. ಅವರಿಗೆ ಆಶ್ಚರ್ಯ, ಸಂತೋಷ ಎರಡೂ ಆಯಿತು. ಪ್ರಭಾಕರ್ ಸಾರನ್ನು ಕರೆಸಿದರು. ಅವರ ಮುಖ ಒಂದು ಕ್ಷಣ ಇಳಿದದ್ದನ್ನು ನಾನು ಕಣ್ತುಂಬ ನೋಡಿದೆ. ಆಮೇಲೆ ಸಾವರಿಸಿಕೊಂಡು, ಹಾಗಾದರೆ ಮೇಡಂ ನಮ್ಮ ಗುಂಪಿನಲ್ಲೇ ಆಡಲಿ ಸಾರ್, ದೊಡ್ಡ ಯಜಮಾನರೂ ನೋಡಲಿ ಎಂದರು. ದೊಡ್ಡ ಯಜಮಾನರ ಎದುರಿನಲ್ಲೇ ನನ್ನ ಮಾನ ತೆಗೆಯುವ ಲೆಕ್ಕ ಅದು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅಂತಾರಲ್ಲ, ಅವರು ತೋಡಿದ ಗುಂಡಿ ಎಷ್ಟು ಆಳ ಎಂದು ಅವರಿಗೇ ಗೊತ್ತಿರಲಿಲ್ಲ.

ಮಂಜು ಆರದ ಬೆಳಿಗ್ಗೆ ನಾಲ್ವರು ಹೊರಟೆವು, ದೊಡ್ಡ ಯಜಮಾನರು, ಪ್ಲಾಂಟ್ ಹೆಡ್, ಪ್ರಭಾಕರ್ ಸಾರ್, ನಾನು. ಮೊದಲ ಹೊಡೆತಕ್ಕೆ ನನ್ನ ಚೆಂಡು ನೆಲದ ಮೇಲೇ ಸ್ವಲ್ಪ ದೂರ ಉರುಳಿತು. ಪರವಾಗಿಲ್ಲ ಮೇಡಂ, ಇದು ರೇಂಜ್ ಅಲ್ಲವಲ್ಲ ಎಂದರು ಪ್ರಭಾಕರ್ ಸಾರ್. ನಾನು ಚೆಂಡಿನ ಕಡೆ ನಡೆದೆ. ಕೆಟ್ಟ ಹೊಡೆತದ ಹಿಂದೆ ನಡೆಯುವುದನ್ನು ಆ ಹೊತ್ತಿಗೆ ಕಲಿತಿದ್ದೆ. ಮೂರನೇ ಹೋಲಿನ ಹೊತ್ತಿಗೆ ಕೈ ಹಿಡಿತಕ್ಕೆ ಬಂತು. ದೊಡ್ಡ ಹೊಡೆತ ಯಾವುದೂ ನನ್ನಲ್ಲಿ ಇರಲಿಲ್ಲ, ಚೆಂಡನ್ನು ದಾರಿಯಲ್ಲಿ ಇಟ್ಟುಕೊಂಡು ಹೋದೆ ಅಷ್ಟೆ. ದೊಡ್ಡ ಯಜಮಾನರು ಕಡಿಮೆ ಮಾತಿನವರು, ನಿಧಾನ ಇಂಗ್ಲಿಷಿನವರು. ಹೋದ ವರ್ಷ ಬಿರುಕು ಬಿಟ್ಟು ವಾಪಸ್ಸು ಬಂದ ಸಾಮಾನಿನ ಬಗ್ಗೆ ನಡೆಯುತ್ತಾ ಕೇಳಿದರು. ಆ ಬಿರುಕಿನ ಮೂಲ ಹುಡುಕಿದವಳು ನಾನೇ ಎಂದು ಪ್ಲಾಂಟ್ ಹೆಡ್ ಹೇಳಿದರು. ಅಲ್ಲಿಂದ ಮುಂದೆ ಅವರು ನನ್ನ ಪಕ್ಕದಲ್ಲೇ ನಡೆದರು. ಪ್ರಭಾಕರ್ ಸಾರ್ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದರು. ಆ ನಾಲ್ಕು ಹೆಜ್ಜೆ ಅವರಿಗೆ ಹೊಸದು.

ಕೊನೆಯ ಹೋಲ್. ಧ್ವಜದ ಮುಂದೆಯೇ ದೊಡ್ಡ ಬಂಕರ್ ಇದೆ. ನಾನು ಅದಕ್ಕೂ ಮೊದಲೇ ಚೆಂಡು ನಿಲ್ಲಿಸಿ, ಪಕ್ಕದಿಂದ ಸುತ್ತಿ ಗ್ರೀನಿಗೆ, ಅಂದರೆ ಗುಂಡಿ ಇರುವ ನುಣ್ಣನೆಯ ಹುಲ್ಲಿಗೆ, ಹತ್ತಿಸಿದೆ. ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಈ ಆಟದಲ್ಲಿ ಮುಂದು, ಆ ಲೆಕ್ಕದಲ್ಲಿ ಪ್ರಭಾಕರ್ ಸಾರ್ ಅದಾಗಲೇ ನನಗಿಂತ ಹಿಂದೆ ಬಿದ್ದಿದ್ದರು. ಹೀರೋ ಆಗಲು ನೇರ ಹೊಡೆದರು. ಚೆಂಡು ಮರಳಿನ ನಡುವೆ ಹೋಗಿ ಕೂತಿತು.

ಮೊದಲ ಹೊಡೆತಕ್ಕೆ ಮರಳು ಹಾರಿತು, ಚೆಂಡು ಅಲ್ಲೇ ಇತ್ತು. ಎರಡನೆಯದಕ್ಕೆ ಅಂಚಿಗೆ ಬಡಿದು ಅವರ ಕಾಲ ಬಳಿಗೇ ವಾಪಸ್ಸು ಬಂತು. ಮೂರನೆಯದಕ್ಕೆ ಇನ್ನೂ ಆಳಕ್ಕೆ ಇಳಿಯಿತು. ಟೋಪಿ, ಹುಬ್ಬು, ಮೀಸೆ ಎಲ್ಲ ಮರಳು. ಈ ಸಲ ಕೈಯಲ್ಲಿ ಎತ್ತಿ ಎಸೆಯುವ ಹಾಗಿರಲಿಲ್ಲ. ದೊಡ್ಡ ಯಜಮಾನರು ಮರ್ಯಾದೆಯಿಂದ ದೂರದ ಗೂಡಿನ ಹೊಗೆ ನೋಡುತ್ತಾ ನಿಂತರು. ನಾನು ಬಂಕರಿನ ಅಂಚಿಗೆ ಹೋಗಿ, ಅವರಿಗೆ ಮಾತ್ರ ಕೇಳುವ ಹಾಗೆ, "ಪರವಾಗಿಲ್ಲ ಸಾರ್, ನಿಧಾನಕ್ಕೆ ಹೊಡೀರಿ. ನಾವು ಕಾಯ್ತೀವಿ," ಎಂದೆ.

ಅವರು ಮತ್ತೂ ಬೀಸಿ, ಕೊನೆಗೆ ಹೇಗೋ ಚೆಂಡನ್ನು ಹೊರಗೆ ತಂದರು. ನಾನು ಬೂಟು ಬಿಚ್ಚಿ ಬರಿಗಾಲಿನಲ್ಲಿ ಗ್ರೀನಿಗೆ ಕಾಲಿಟ್ಟೆ. ಮೇಡಂ, ಇದು ನಿಮ್ಮ ಹೊಲ ಅಲ್ಲ ಎಂದರು ಪ್ರಭಾಕರ್ ಸಾರ್, ಈ ಸಲ ಜೋರಾಗಿಯೇ. ದೊಡ್ಡ ಯಜಮಾನರು ನನ್ನ ಪಾದ ನೋಡಿ, ನಕ್ಕು, ಆಡಿ ಎಂದು ಕೈ ತೋರಿಸಿದರು. ಹುಲ್ಲು ತಣ್ಣಗಿತ್ತು, ನೆಲ ಎಡಕ್ಕೆ ವಾಲಿತ್ತು. ಪಾದ ಹೇಳಿದ ಹಾಗೆ ಬಲಕ್ಕೆ ಬಿಟ್ಟೆ. ಚೆಂಡು ಸುತ್ತಿ ಬಂದು ಗುಂಡಿಗೆ ಒಂದು ಗೇಣು ಉಳಿದು ನಿಂತಿತು. ಇನ್ನೊಂದು ತಟ್ಟಿಗೆ ಬಿತ್ತು. ಸಿನಿಮಾದ ಗೆಲುವಲ್ಲ, ಆದರೆ ಪ್ರಭಾಕರ್ ಸಾರ್ ನನ್ನ ಹಿಂದೆ ಉಳಿದರು. ನನಗೆ ಅಷ್ಟೇ ಸಾಕಿತ್ತು.

ಯುಗಾದಿ ಕಳೆದ ಮೇಲೆ ಆದೇಶ ಬಂತು. ನಾನು ಪ್ಲಾಂಟ್ ಹೆಡ್ ಆದೆ. ಪ್ರಭಾಕರ್ ಸಾರ್ ನಿವೃತ್ತರಾಗುವವರೆಗೂ ನನ್ನ ಕೈಕೆಳಗೆ ಕೆಲಸ ಮಾಡಿದರು. ಅವರ ರಜೆಗೆ ತಡೆ ಹಾಕಲಿಲ್ಲ, ಕೆಲಸದಲ್ಲಿ ಒಂದು ಕೊಂಕು ಮಾತಾಡಲಿಲ್ಲ. ಬೀಳ್ಕೊಡುಗೆಯ ದಿನ ನಾನೇ ಹಾರ ಹಾಕಿದೆ. ಮೇಡಂದು ದೊಡ್ಡ ಮನಸ್ಸು ಎಂದು ಜನ ಹೇಳಿದರು. ಜನಕ್ಕೆ ಏನು ಗೊತ್ತು? ಕುರ್ಚಿ ನನ್ನ ದುಡಿಮೆಗೆ ಸಿಕ್ಕಿದ್ದು, ಅದನ್ನು ಸೇಡಿನ ಲೆಕ್ಕಕ್ಕೆ ಹಿಡಿಯಲು ನಾನು ತಯಾರಿರಲಿಲ್ಲ. ಆ ಮನುಷ್ಯ ನನ್ನಿಂದ ಕಿತ್ತುಕೊಂಡದ್ದು ಒಂದು ಮುಂಗಾರು. ಅದು ಹಾಗೇ ಬಾಕಿ ಇತ್ತು.

ಟೀ ಮುಗಿಯಿತು. ಎದ್ದು ಮೂರನೇ ಚಾಪೆಯ ಹಿಂದೆ ಹೋಗಿ ನಿಂತೆ. ಅವರು ಹೊಡೆದು ತೋರಿಸಿದರು. ಒಂದು, ಇನ್ನೊಂದು, ಮತ್ತೊಂದು. ಎಲ್ಲವೂ ನೇರ. ಎರಡು ವರ್ಷ ರೇಂಜಿನಲ್ಲೇ ಬಿದ್ದಿದ್ದರಿಂದ ಹೊಡೆತ ಮೊದಲಿಗಿಂತ ಎಷ್ಟೋ ಚೆನ್ನಾಗಿತ್ತು. ಸುಳ್ಳು ಹೇಳಬಾರದು, ನೋಡಲು ಚಂದವಿತ್ತು. ಹೊಡೆದು ತಿರುಗಿ ನನ್ನ ಮುಖ ನೋಡಿದರು.

"ಚೆನ್ನಾಗಿ ಹೊಡೀತೀರಿ ಸಾರ್," ಎಂದೆ. "ಆದ್ರೆ ಕೈ ಇನ್ನೂ ಹದಕ್ಕೆ ಬಂದಿಲ್ಲ. ಮುಂದಿನ ವಾರ ನೋಡೋಣ."

ಎಂಟು ವರ್ಷ ಇಟ್ಟುಕೊಂಡಿದ್ದ ಮಾತು. ಅವರ ಮುಖದ ಬಣ್ಣ ಹೋಗುವುದನ್ನು ನೋಡಲು ಕಾದು ನಿಂತೆ. ಹೋಗಲಿಲ್ಲ. ಅವರು ತಮ್ಮ ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. "ಹೌದಾ ಮೇಡಂ? ಇರಬಹುದು. ಇನ್ನೂ ಸ್ವಲ್ಪ ಪ್ರಾಕ್ಟೀಸ್ ಮಾಡ್ತೀನಿ," ಎಂದು ನಿಜವಾದ ವಿನಯದಿಂದ ಹೇಳಿ, ಬುಟ್ಟಿಯಿಂದ ಇನ್ನೊಂದು ಚೆಂಡು ತೆಗೆದು ಚಾಪೆಯ ಮೇಲೆ ಇಟ್ಟರು.

ಅವರಿಗೆ ನೆನಪೇ ಇರಲಿಲ್ಲ. ನನ್ನ ಒಂದು ಮುಂಗಾರನ್ನು ನುಂಗಿದ ಮಾತು ಅವರ ಬಾಯಲ್ಲಿ ಎಂದೂ ಬಂದೇ ಇಲ್ಲವೇನೋ ಎನ್ನುವ ಹಾಗೆ ಕೋಲು ಎತ್ತಿ ನಿಂತಿದ್ದರು. ನೆನಪಾಗುವವರೆಗೂ ಹೊಡೆಯಲಿ ಎಂದುಕೊಂಡು ನಾನು ಮೊದಲನೇ ಹೋಲಿನ ಕಡೆ ನಡೆದೆ.